ಒಂದು ಮೀಟರಿನವರು

ಮಾರ್ಚ್ 3, ಬೆಳಿಗ್ಗೆ 9

ಮತ್ತೆ ಬಿಲ್ಲುಗಳು. ರಿಬ್ಬನ್ ಅಂಗಡಿಯ ಅಟ್ಟ, ನಾನು, ಕಂಪ್ಯೂಟರ್. ಕೆಳಗೆ ಕಿಟಕಿ ಪಕ್ಕದ ಸಣ್ಣ ಕೌಂಟರಿನಲ್ಲಿ ಚಿಕ್ಕಮ್ಮ ಬಿಡಿ ರಿಬ್ಬನ್ ಕತ್ತರಿಸುತ್ತಾಳೆ — ಇಪ್ಪತ್ತೆರಡು ವರ್ಷದಿಂದ. ಅಟ್ಟದ ಸಂದಿಯಿಂದ ಜನ ಕಾಣುವುದಿಲ್ಲ, ಬಣ್ಣಗಳು ಮಾತ್ರ. ಬಿಸಿಲಲ್ಲಿ ತೇಲುತ್ತಿರುತ್ತವೆ. ನೋಡುತ್ತಾ ಕೂತರೆ ಕೆಲಸವೇ ಮರೆತುಹೋಗುತ್ತದೆ.

ಸಾಹುಕಾರರು ಗೋದಾಮಿನಿಂದ ಅಪರೂಪಕ್ಕೆ ಮೇಲೆ ಬಂದರು.

"ನೋಡಮ್ಮ, ಹೋದ ವರ್ಷದ ಬಿಲ್ಲೆಲ್ಲ ಮೀಟರ್ ಪ್ರಕಾರ ಗುಂಪು ಮಾಡು. ಸಣ್ಣದು, ಮಧ್ಯಮ, ದೊಡ್ಡದು. ಯಾವುದ್ರಲ್ಲಿ ಎಷ್ಟು ಗಿರಾಕಿ ಅಂತ ಎಣಿಸು. ಕಮ್ಮಿ ಇರೋ ಕೌಂಟರ್ ತೆಗೆದುಬಿಡ್ತೀನಿ."

ಕೋಡ್ ಬರೆದರೆ ಅರ್ಧ ಗಂಟೆ ಕೆಲಸ ಎಂದು ಜಂಬ ಕೊಚ್ಚಿಕೊಂಡೆ.

ಮಾರ್ಚ್ 4

ಗುಂಪುಗಳ ನಡುವೆ ಮೀಟರಿನ ಗೆರೆ ಎಳೆದೆ: 1, 5, 20, 100. ಒಂದಕ್ಕಿಂತ ಕಮ್ಮಿ ನಾವು ಕತ್ತರಿಸುವುದೇ ಇಲ್ಲವಲ್ಲ, ಅದಕ್ಕೇ 1ರಿಂದ ಶುರು. ರನ್.

ಸಣ್ಣದು 212. ಮಧ್ಯಮ 1904. ದೊಡ್ಡದು 877.

ಇನ್ನೂರ ಹನ್ನೆರಡೇ! ಸಣ್ಣದು ಎಂದರೆ ಚಿಕ್ಕಮ್ಮನ ಕೌಂಟರ್. ಆದರೂ ಪ್ರಿಂಟ್ ತೆಗೆದು ಕೊಟ್ಟೆ. ತಿಂಗಳ ಕೊನೆಗೆ ಬಡಗಿ ಬಂದು ಕೌಂಟರ್ ಬಿಚ್ಚುತ್ತಾನಂತೆ.

ಮಾರ್ಚ್ 5

ಹೇಳಿದೆ. ಚಿಕ್ಕಮ್ಮ ನಕ್ಕಳು.

"ಅಯ್ಯೋ, ಮುಖ ಯಾಕೆ ಹಾಗ್ ಊದಿಸ್ಕೊಂಡಿದ್ದೀಯಾ? ಇನ್ಮೇಲೆ ಆರಾಮಾಗಿ ಕಾಲು ಚಾಚ್ಕೊಂಡು ಕೂರ್ತೀನಿ. ಲೆಕ್ಕ ನಿಂದು ಅಂದ್ಮೇಲೆ ಸರಿಯಾಗೇ ಇರುತ್ತೆ ಬಿಡು."

ನನ್ನನ್ನು ಸಾಕಿ ಓದಿಸಿದವಳು.

ಮಾರ್ಚ್ 17, ಸಂಜೆ 5

ಮಧ್ಯಾಹ್ನ ಕರೆಂಟ್ ಹೋಯಿತು. ಕೆಳಗಿಳಿದು ಚಿಕ್ಕಮ್ಮನ ಪಕ್ಕ ಕೂತೆ. ಎಂಥಾ ತಂಪು ಅಲ್ಲಿ... ಅವಳು ಕೈ ಚಾಚಿ ರಿಬ್ಬನ್ ಅಳೆಯುವಾಗ ನೀರಿನಲ್ಲಿ ಈಜುತ್ತಿರುವ ಹಾಗೆ. ತೂಕಡಿಕೆ ಬಂತು. ನಿದ್ದೆಯಲ್ಲೂ ಒಂದೇ ಮಾತು ಕೇಳುತ್ತಿತ್ತು.

"ಒಂದು ಮೀಟರ್ ಕೊಡಿ." ಜಡೆಗೆ. "ಒಂದು ಮೀಟರ್." ಗೊಂಬೆಗೆ. "ಒಂದೇ ಮೀಟರ್ ಸಾಕಮ್ಮ." ಒಬ್ಬ ಅಜ್ಜ, ಹಳೇ ಕಾಗದಗಳನ್ನು ಕಟ್ಟಿಡಲು.

ಎಚ್ಚರವಾದ ಮೇಲೆ ಅವಳ ಇವತ್ತಿನ ಬಿಲ್ಲು ಎಣಿಸಿದೆ. ಬೆಳಿಗ್ಗೆಯಿಂದ ನಾಲ್ಕು ಗಂಟೆಯೊಳಗೆ ಮೂವತ್ತೊಂದು ಜನ! ವರ್ಷಕ್ಕೆ ಇನ್ನೂರ ಹನ್ನೆರಡು ಹೇಗೆ?

ಕರೆಂಟ್ ಬಂದಿದ್ದೇ ಅಟ್ಟಕ್ಕೆ ಓಡಿದೆ. ಮೂರು ಗುಂಪು ಕೂಡಿಸಿದರೆ 2993. ವರ್ಷದ ಒಟ್ಟು ಬಿಲ್ಲು 11,460. ಉಳಿದ 8,467 — ಎಲ್ಲವೂ ಸರಿಯಾಗಿ ಒಂದು ಮೀಟರಿನವು. ಕೋಡ್ ಒಂದಕ್ಕಿಂತ *ಹೆಚ್ಚಿನದನ್ನು* ಮಾತ್ರ ಒಳಗೆ ಬಿಟ್ಟಿದೆ. ಗೆರೆಯ ಮೇಲೆಯೇ ನಿಂತವರು ಯಾವ ಗುಂಪಿಗೂ ಸೇರಿಲ್ಲ. ಕೆಳಗಿನ ಅಂಚನ್ನೂ ಸೇರಿಸಿಕೋ ಎಂದು ಒಂದು ಮಾತು ಬರೆಯಬೇಕಿತ್ತು. ಬರೆಯಲಿಲ್ಲ. ಇಷ್ಟು ಬಿಲ್ಲು ಹೊರಗುಳಿದವು ಎಂದು ಕೋಡ್ ಕೂಡ ಬಾಯಿ ಬಿಡಲಿಲ್ಲ. ಒಟ್ಟು ತಾಳೆ ನೋಡದ ದಡ್ಡಿ ನಾನು. ನಾಚಿಕೆಯಾಗುತ್ತಿದೆ.

ಮಾರ್ಚ್ 18, ಬೆಳಿಗ್ಗೆ 11

ಸಾಹುಕಾರರ ಮುಂದೆ ನಿಂತು ಹೇಳಿಬಿಟ್ಟೆ. ತಪ್ಪು ನನ್ನದು, ಸಣ್ಣದು 8,679. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ. ಅವರು ಹಾಳೆಯ ಮೇಲೆ ಬೆರಳಿಟ್ಟು ತಾವೇ ಒಮ್ಮೆ ಕೂಡಿಸಿ ನೋಡಿದರು.

"ಬಡಗಿಗೆ ಬರಬೇಡ ಅಂತೀನಿ. ನಿಮ್ಮ ಚಿಕ್ಕಮ್ಮಂಗೆ ನೀನೇ ಹೇಳು. ನಂಗೆ ಮುಖ ಇಲ್ಲ."

ಕೆಳಗೆ ಹೋದೆ. ನಾಲ್ಕು ಜನ ನಿಂತಿದ್ದರು. ಅವರ ಹಿಂದೆ ನಿಂತೆ. ನನ್ನ ಸರದಿ ಬಂದಾಗ ಅವಳು ತಲೆ ಎತ್ತದೆ, "ಎಷ್ಟು?" ಎಂದಳು.

"ಚಿಕ್ಕಮ್ಮಾ, ಲೆಕ್ಕ ತಪ್ಪಿದ್ದೆ. ನಿನ್ನ ಕೌಂಟರ್ ಎಲ್ಲೂ ಹೋಗಲ್ಲ."

ಕತ್ತರಿ ಕೆಳಗಿಟ್ಟಳು. ಎರಡೂ ಕೈಯಲ್ಲಿ ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ದಿನ ನಗುನಗುತ್ತಲೇ ಇದ್ದವಳು, ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೆಯೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.