ನಲವತ್ತೆರಡಕ್ಕೆ ಎರಚಿದ ಭಂಡಾರ

ಅಪ್ಪಾ,

ಇದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ನೀನು ಹೋದ ಮೇಲೆ ಬರೆಯುತ್ತಿದ್ದೇನೆ. ಜಮಖಂಡಿಯಲ್ಲಿ ಡಿಗ್ರಿ ಮೊದಲ ವರ್ಷದಲ್ಲಿ ಕಾಲೇಜಿಗೇ ಮೊದಲಿಗಳಾಗಿ, ಎರಡನೇ ವರ್ಷಕ್ಕೆ ಈ ದೊಡ್ಡ ವಿಶ್ವವಿದ್ಯಾಲಯಕ್ಕೆ ಬಂದು ಸೇರಿದ್ದೇನೆ.

ಇಂದು ತರಗತಿಯಲ್ಲಿ ಪ್ರಾಧ್ಯಾಪಕರು ಎಲ್ಲರ ಪಿಯುಸಿ ಪರ್ಸೆಂಟ್ ಕೇಳಿದರು. ತೊಂಬತ್ತರ ಕೆಳಗೆ ಯಾರೂ ಇರಲಿಲ್ಲ. ನಾನು "ನಲವತ್ತೆರಡು" ಎಂದೆ. ಎಲ್ಲರೂ ನಕ್ಕರು.

"ನಗ್ರಿ! ಕುರಿ ಹಿಂದ ಊರೂರು ತಿರುಗಿ, ಟ್ಯೂಷನ್ ಮುಖ ಕಾಣದ ತಗೊಂಡದ್ದು. ಹಂಗ ಓದಿ ಒಬ್ಬರರ ಪಾಸಾಗಿ ತೋರಿಸ್ರಿ" ಎಂದೆ.

ನಗು ನಿಂತಿತು. ಮಧ್ಯಾಹ್ನ ಊಟಕ್ಕೆ ನನ್ನ ಪಕ್ಕ ಯಾರೂ ಕೂರಲಿಲ್ಲ.

ಆ ಪಿಯುಸಿ ರಿಸಲ್ಟ್ ಬಂದ ದಿನ ಹಿಪ್ಪರಗಿಯಲ್ಲಿ, ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಕೂಡಿಹಾಕಿದ್ದೆವು. "ನಲವತ್ತೆರಡಾ? ಒಂದ ವರ್ಷಕ್ಕ ಅಷ್ಟು ಮರಿ ಹುಟ್ಟಿದ್ರ ಬೀರಪ್ಪ ದೇವರ ಹೆಸರ್ಲೆ ಊರಿಗೆಲ್ಲ ಊಟ ಹಾಕ್ತೀವಲ್ಲ ನನ್ನವ್ವಾ!" ಎಂದು ನೀನು ಕುಣಿದು, ನನ್ನ ತಲೆಯ ಮೇಲೆ ದೇವರ ಭಂಡಾರದ ಅರಿಶಿಣ ಎರಚಿದೆ. ಅಂದು ನಾನು ನಾಚಿಕೊಂಡು ಅದನ್ನು ಓಢಣಿಯಿಂದ ಒರೆಸಿಕೊಂಡೆ.

ಇಲ್ಲಿಗೆ ಹೊತ್ತು ತಂದ ನಿನ್ನ ಕಂಬಳಿಯ ಅಂಚಿನ ಗಂಟಿನಲ್ಲಿ ಚೂರು ಭಂಡಾರ ಉಳಿದಿತ್ತು. ಈಗ ಬಿಚ್ಚಿ ಹಣೆ ತುಂಬ ಹಚ್ಚಿಕೊಂಡೆ.

"ಇವತ್ತು ಹಬ್ಬಾನಾ?" ಎಂದಳು ಹಾಸ್ಟೆಲ್‌ನಲ್ಲಿ ನನ್ನ ರೂಮಿನ ಹುಡುಗಿ.

"ಅಲ್ಲ, ನನ್ನ ರಿಸಲ್ಟ್ ಬಂದೈತಿ" ಎಂದೆ.