ಎರಡು ಕೈ ಬೇಕಾದ ಕತ್ತಿ

ಡಾಕ್ಟರರಿಗೆ ನಮಸ್ಕಾರ.

ನಾನು ನೆಲ್ಯಾಡಿಯ ರಬ್ಬರ್ ಟ್ಯಾಪರ್ ಮತ್ತಾಯಿಯವರ ಹೆಂಡತಿ. ಮುರಿದು ವರ್ಷವಾದರೂ ಕೂಡದ ಅವರ ತೊಡೆಯೆಲುಬಿಗೆ ನೀವು ಅವರದೇ ಸೊಂಟದಿಂದ ಮಜ್ಜೆ ತೆಗೆದು ಚುಚ್ಚಿದ್ದಿರಿ. ಆರು ವಾರ ಆ ಕಾಲು ಊರಲೇಬಾರದು ಎಂದಿದ್ದಿರಿ.

ಐದನೇ ವಾರ ಊರಿದರು. ಅವರ ಬದಲು ನಾನು ರಬ್ಬರ್ ಮರದ ತೊಗಟೆ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮಾಡುತ್ತಿದ್ದೆ. ನನ್ನ ಕತ್ತಿ ತೊಗಟೆ ದಾಟಿ ಮರಕ್ಕೇ ತಾಗಿತು. "ಎಂತ ಮಾಡಿದ್ದು ಮಾರಾಯ್ತಿ? ಇಲ್ಲಿ ಇನ್ನು ತೊಗಟೆ ಬರುದಿಲ್ಲ" ಎಂದು, ಊರುಗೋಲಿನಲ್ಲಿ ನೋಡಲು ಬಂದಿದ್ದವರು ಕತ್ತಿ ಕಸಿದುಕೊಂಡರು. ಆ ಕತ್ತಿಗೆ ಎರಡೂ ಕೈ ಬೇಕು. ಊರುಗೋಲು ಬಿಟ್ಟರು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು.

ಈಗ ನಿಮ್ಮ ಬಾಗಿಲ ಹೊರಗೆ ಸ್ಟ್ರೆಚರಿನಲ್ಲಿದ್ದಾರೆ. ಬಚ್ಚಲಲ್ಲಿ ಜಾರಿದೆ ಎನ್ನುತ್ತಾರೆ, ತಪ್ಪು ನನ್ನ ಮೇಲೆ ಬರಬಾರದೆಂದು. ನೀವು ಹಾಗೆಯೇ ಬರೆದುಕೊಳ್ಳಿ.

ಮತ್ತೆ ಮಜ್ಜೆ ಬೇಕಾದರೆ ಈ ಸಲ ನನ್ನ ಸೊಂಟದಿಂದ ತೆಗೆಯಿರಿ. ಅವರಿಗೆ ಹೇಳುವುದು ಬೇಡ.

ಇತಿ,
ಸಾಲಿ