ಫಾಸ್ಟ್ ಕಲರ್

ಹಲಸೂರು, ಬೆಂಗಳೂರು
೧೪ ಜೂನ್ ೧೯೯೮, ಭಾನುವಾರ

ಪ್ರೀತಿಯ ಮಗಳು ಯಮುನಾಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ರಾತ್ರಿ ಪಾಳಿ ಮುಗಿದ ಮೇಲೆ ಸರಿಯಾಗಿ ನಿದ್ದೆ ಮಾಡುತ್ತೀಯಾ, ಅಥವಾ ಇಲ್ಲಿದ್ದಾಗಿನ ಹಾಗೆ ಪಾತ್ರೆ ತೊಳೆಯುತ್ತಾ ಕೂರುತ್ತೀಯಾ? ಮಸ್ಕತ್ತಿನ ಬಿಸಿಲಿನ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನಿನ್ನಮ್ಮ ಗೋವಿಂದಮ್ಮ ನನ್ನ ಮೇಲೆ ರೇಗುತ್ತಾಳೆ, ಅಲ್ಲಿ ಒಲೆ ಹಚ್ಚಿಟ್ಟು ಬಂದವನು ನಾನೇ ಎಂಬಂತೆ. ನೀನು ಹೇಳಿದ ಎಣ್ಣೆಯಿಂದ ಅವಳ ಮಂಡಿನೋವು ಕಡಿಮೆಯಾಗಿದೆ. ಮಾತು ಮಾತ್ರ ಕಡಿಮೆಯಾಗಿಲ್ಲ. ಅಳಿಯಂದಿರು ಸೂರ್ಯ ಕೆ.ಆರ್. ಪುರದ ರೈಲ್ವೆ ಶೆಡ್ಡಿನಿಂದ ಸಂಜೆ ನೇರ ಇಲ್ಲಿಗೇ ಬಂದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲಸೂರು ಕೆರೆಯವರೆಗೆ ಸುತ್ತಾಡಿಸುತ್ತಾರೆ. ಇನ್ನು ನಿನ್ನ ಮಗಳು ಸುಪ್ಪಿಯ ಸುದ್ದಿ ಒಂದೆರಡು ಸಾಲಿಗೆ ಮುಗಿಯುವಂಥದ್ದಲ್ಲ, ಅದಕ್ಕಾಗಿಯೇ ಈ ಕಾಗದ.

ನಿನ್ನ ಹೋದ ಸಲದ ಕಾಗದ ಓದಿದ ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ನೀವು ಕಳಿಸಿದ ಅಷ್ಟೂ ಫೋಟೊಗಳಲ್ಲಿ ಸುಪ್ಪಿ ಅಳುತ್ತಿದ್ದಾಳೆ, ಇಲ್ಲವೇ ಅಳಲು ಬಾಯಿ ತೆರೆದಿದ್ದಾಳೆ, ನಾನಿಲ್ಲದೆ ಮಗು ದಿನವಿಡೀ ಹೀಗೇ ಇರುತ್ತದೆಂದು ಗೊತ್ತಾಯಿತು, ತಿಂಗಳ ಕೊನೆಗೆ ಆಸ್ಪತ್ರೆಗೆ ರಾಜೀನಾಮೆ ಕೊಟ್ಟು ಬಂದುಬಿಡುತ್ತೇನೆ ಎಂದು ಬರೆದಿದ್ದೆ. ಮಗು ಅತ್ತಿದ್ದು ನಿಜ ಯಮುನಾ, ಸುಳ್ಳು ಹೇಳುವುದಿಲ್ಲ. ಆದರೆ ಅತ್ತಿದ್ದು ನೀನು ಕಳಿಸಿದ ಕ್ಯಾಮೆರಾದ ಫ್ಲಾಶಿಗೆ. ನಮ್ಮ ನಡುಮನೆಯ ಕತ್ತಲೆ ನಿನಗೆ ಗೊತ್ತಲ್ಲ, ಒಳಗೆ ಹಿಡಿದರೆ ಸಾಕು, ಅದು ತಾನಾಗಿಯೇ ಫಳಾರ್ ಎನ್ನುತ್ತದೆ. ಸುಪ್ಪಿ ಅದಕ್ಕೆ ಮಿಂಚು ಎಂದು ಹೆಸರಿಟ್ಟಿದ್ದಾಳೆ. ಕ್ಯಾಮೆರಾದ ಚೀಲ ಕಂಡರೆ ಅಜ್ಜಿಯ ಸೆರಗಿನೊಳಗೆ ನುಗ್ಗುತ್ತಾಳೆ. ಇದನ್ನು ಬರೀ ಮಾತಿನಲ್ಲಿ ಬರೆದರೆ ಅಪ್ಪ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತೀಯ. ಅವಳು ನಗುವ ಫೋಟೊವನ್ನೇ ಕಳಿಸಬೇಕೆಂದು ಹಟ ಹಿಡಿದು, ಹೊಸ ರೋಲು ತರಲು ಶಿವಾಜಿನಗರಕ್ಕೆ ಹೊರಟೆ.

ರಸಲ್ ಮಾರ್ಕೆಟ್ಟಿನ ಹಿಂದೆ ಅಹ್ಮದ್ ಪಾಷಾ ಅವರ ಸ್ಟುಡಿಯೊ ಇದೆಯಲ್ಲ, ನಿನ್ನ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದ್ದು, ಅಲ್ಲಿಗೆ ಹೋದೆ. ನನಗೆ ಇನ್ನೊಂದು ಯೋಚನೆಯೂ ಇತ್ತು. ಮಗುವಿನ ಒಂದು ಫೋಟೊವನ್ನು ಯೂನಿಫಾರ್ಮಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ, ಬೆವರಿಗೆ ಬಣ್ಣವೆಲ್ಲ ಹೋಗಿದೆ ಎಂದು ನೀನು ಬರೆದಿದ್ದೆ. ಆಯುಸ್ಸೆಲ್ಲ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಿಸಿದವನು ನಾನು. ಬಣ್ಣ ಹೋಗುವ ಮಾಲನ್ನು ಸ್ವಂತ ಮಗಳಿಗೆ ಕಳಿಸುತ್ತೇನೆಯೇ? ಗತ್ತಿನಿಂದಲೇ ಕೇಳಿದೆ: “ಪಾಷಾ ಸಾಹೇಬ್ರೇ, ಒಂದು ಫಾಸ್ಟ್ ಕಲರ್ ಫಿಲ್ಮ್ ಕೊಡಿ.” ಅವರು ಒಂದು ಡಬ್ಬಿ ಮುಂದಿಟ್ಟು, “ಇದು ಫೋರ್ ಹಂಡ್ರೆಡ್, ಬಹುತ್ ಫಾಸ್ಟ್” ಎಂದರು. “ಎಷ್ಟು ಒಗೆದ್ರೂ ಬಣ್ಣ ಬಿಡಲ್ಲ ತಾನೆ?” ಎಂದೆ. ಅವರು ನನ್ನನ್ನೇ ನೋಡಿದರು. “ಕ್ಯಾ ಪಿಳ್ಳಪ್ಪನೋರೇ, ಫೋಟೋನ ಸೋಪ್ ಹಾಕಿ ಒಗೀತೀರಾ?” ಎಂದು ನಗಲು ಶುರುಮಾಡಿದವರು, ಪಕ್ಕದ ಅಂಗಡಿಯವರು ಬಂದು ಏನೆಂದು ಕೇಳುವ ತನಕ ನಿಲ್ಲಿಸಲಿಲ್ಲ.

ವಿಷಯ ಏನೆಂದರೆ, ನಮ್ಮ ಬಟ್ಟೆಯವರಿಗೆ ಫಾಸ್ಟ್ ಎಂದರೆ ಬಣ್ಣ ಬಿಡದ್ದು, ಅವರ ಫಾಸ್ಟ್ ಬೇರೆ. ಅವರ ಭಾಷೆಯಲ್ಲಿ ಫಾಸ್ಟ್ ಎಂದರೆ ಬೆಳಕನ್ನು ಬೇಗ ಕುಡಿಯುವ ಫಿಲ್ಮ್. ನಾವು ಇಷ್ಟು ದಿನ ಹಾಕುತ್ತಿದ್ದುದು ನೂರು ನಂಬರಿನ ಫಿಲ್ಮ್, ಅದಕ್ಕೆ ಒಳ್ಳೆ ಬಿಸಿಲು ಬೇಕು, ಇಲ್ಲವಾದರೆ ಫ್ಲಾಶ್. ನಾನೂರರದ್ದಕ್ಕೆ ಬಾಗಿಲಿನಿಂದ ಬರುವ ಬೆಳಕೇ ಸಾಕು, ಮಗು ಓಡಾಡುತ್ತಿದ್ದರೂ ಚಿತ್ರ ಅಷ್ಟಾಗಿ ಕದಡುವುದಿಲ್ಲ. ಫ್ಲಾಶ್ ಬೇಕಾಗಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ನಾಚಿಕೆಯೆಲ್ಲ ಹೋಯಿತು. ಆದರೂ ವ್ಯಾಪಾರದವನಲ್ಲವೇ, ಸುಮ್ಮನೆ ಒಪ್ಪುತ್ತೇನೆಯೇ? ಎರಡೂ ಫಿಲ್ಮಿನಲ್ಲಿ ತೆಗೆದ ಫೋಟೊ ತರಿಸಿ, ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನೂರರದ್ದು ಮಲ್‌ಮಲ್ಲಿನ ಹಾಗೆ ನಯ. ನಾನೂರರದ್ದನ್ನು ದೊಡ್ಡದು ಮಾಡಿದರೆ ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ, ಖಾದಿಯ ಹಾಗೆ. ನಾನು ಅನುಮಾನಿಸುತ್ತಿದ್ದಾಗ ಪಾಷಾ ಕೇಳಿದರು: “ಮದುವೆಗಾ, ದಿನಬಳಕೆಗಾ?” ನಾನು ಗಿರಾಕಿಗಳಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದು! “ದಿನಬಳಕೆಗೆ, ಮೊಮ್ಮಗಳಿಗೆ” ಎಂದೆ. ನಾನೂರರದ್ದೇ ಕಟ್ಟಿಕೊಟ್ಟು, ಕ್ಯಾಮೆರಾದಲ್ಲಿ ಫ್ಲಾಶ್ ಆರಿಸುವ ಗುಂಡಿ ಯಾವುದೆಂದೂ ತೋರಿಸಿದರು.

ಮಾರನೆಯ ಬೆಳಿಗ್ಗೆ ಮೋಡ ಮುಸುಕಿತ್ತು. ಆದರೂ ಮುಂಬಾಗಿಲು ತೆರೆದಿಟ್ಟೆ. ನಿನ್ನಮ್ಮ ಹೊಸ್ತಿಲ ಹತ್ತಿರ ಕೂತು, ಅಕಾಲದಲ್ಲೂ ಎಲ್ಲೋ ಸಿಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಕ್ಯಾಮೆರಾ ಕಂಡವಳೇ, “ಇರ್ರೀ, ರೇಷ್ಮೆ ಸೀರೆ ಉಟ್ಕೊಂಡ್ ಬರ್ತೀನಿ, ನೈಟೀಲಿ ಹಿಡಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ” ಎಂದಳು. ಮಗಳಿಗೆ ಬೇಕಾಗಿರುವುದು ನೀನು, ನಿನ್ನ ರೇಷ್ಮೆಯಲ್ಲ ಎಂದೆ. ಸುಪ್ಪಿ ಎಂದಿನಂತೆ ಅಜ್ಜಿಯ ಬೆನ್ನಿಗೆ ಅಂಟಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿ, ಮಿಂಚಿಗೆ ಕಾಯುತ್ತಾ ನಿಂತಳು. ನಾನು ಒತ್ತಿದೆ. ಟಕ್ ಎಂದಿತು, ಅಷ್ಟೆ. ಮಿಂಚು ಬರಲಿಲ್ಲ. ಮತ್ತೆ ಒತ್ತಿದೆ. ಅವಳು ಒಂದೇ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. ಆಮೇಲೆ ಇನ್ನೊಂದು. “ತಾತಾ, ಮಿಂಚು ಎಲ್ಲೋಯ್ತು?” ಎಂದು ಕೇಳಿ, ಎರಡೂ ಕೈಯಲ್ಲಿ ಅವರೆಕಾಯಿ ಬಾಚಿ ಮೇಲಕ್ಕೆ ತೂರಿ ನಕ್ಕಳು ನೋಡು! ಆ ನಗುವೂ, ಮೇಲೆ ಹಾರಿದ ಕಾಯಿಗಳೂ, ನೈಟಿಯಲ್ಲಿ ಬೈಯುತ್ತಿರುವ ನಿನ್ನಮ್ಮನೂ ಎಲ್ಲ ಸಿಕ್ಕಿದ್ದಾರೆ.

ಹೆಮ್ಮೆ ಪಡಬಾರದು ಎನ್ನುತ್ತಾರೆ. ನಾನು ಪಡುತ್ತೇನೆ. ಆ ಫೋಟೊ ತೊಳೆದು ಬಂದಾಗ ಪಾಷಾ ನನ್ನ ಒಪ್ಪಿಗೆ ಕೇಳಿ, ದೊಡ್ಡದು ಮಾಡಿಸಿ, ಮದುಮಕ್ಕಳ ಫೋಟೊಗಳ ನಡುವೆ ಶೋಕೇಸಿನಲ್ಲಿ ಇಟ್ಟಿದ್ದಾರೆ. ಕಾಳುಕಾಳಾಗಿದೆ, ಇರಲಿ, ಖಾದಿಗೆ ಅದರದೇ ಮರ್ಯಾದೆ ಇದೆ. ಈಗ ನನಗೆ ದಿನವೂ ಶಿವಾಜಿನಗರದಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತದೆ. ಎದುರು ಬದಿಯಲ್ಲಿ ನಿಂತು ಯಾರು ಯಾರು ನೋಡುತ್ತಾರೆಂದು ನೋಡುತ್ತೇನೆ. ಮೊನ್ನೆ ಒಬ್ಬ ಹೆಂಗಸು ಮೀನಿನ ಚೀಲ ಕೆಳಗಿಟ್ಟು ನೋಡುತ್ತಾ ನಿಂತಿದ್ದಳು. ರಸ್ತೆ ದಾಟಿ ಹೋಗಿ, “ನನ್ನ ಮೊಮ್ಮಗಳು, ತೆಗೆದಿದ್ದು ನಾನೇ, ಇವಳ ತಾಯಿ ಮಸ್ಕತ್ತಲ್ಲಿ ನರ್ಸು” ಎಂದು ಹೇಳಿಯೇ ಬಂದೆ. ನಮ್ಮ ವಂಶದಲ್ಲಿ ಸಮುದ್ರ ದಾಟಿದವಳು ನೀನೊಬ್ಬಳೇ. ಅದನ್ನು ಹೇಳುವಾಗ ನನ್ನ ದನಿ ತಾನಾಗಿಯೇ ದೊಡ್ಡದಾಗುತ್ತದೆ.

ಫೋಟೊಗಳನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅವರೆಕಾಯಿಯದ್ದು ಎರಡು ಪ್ರತಿ ಇದೆ, ಒಂದು ಗೋಡೆಗೆ, ಒಂದು ಜೇಬಿಗೆ. ಜೇಬಿನದ್ದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೇನೆ, ಇನ್ನು ಬೆವರಿನ ಭಯವಿಲ್ಲ. ಕೆಲಸ ಬಿಡುವುದೂ ಇರುವುದೂ ನಿನಗೆ ಬಿಟ್ಟದ್ದು, ಅಪ್ಪ ಅಡ್ಡ ಬರುವುದಿಲ್ಲ. ಆದರೆ ಆ ಹಳೆಯ ಅಳುಮುಖ ನೋಡಿ ಬಿಡಬೇಡ. ಅದು ಫ್ಲಾಶ್ ಬಲ್ಬಿನ ಅಳು, ನಿನಗಾಗಿ ಅತ್ತದ್ದಲ್ಲ.

ಅಮ್ಮ ನಿನಗೆ ದೃಷ್ಟಿ ತೆಗೆದು ಹಾಕಿದ್ದೇನೆಂದು ಬರೆಯಲು ಹೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಪಿಳ್ಳಪ್ಪ

ವಿ.ಸೂ.: ಪಾಷಾ ಅವರ ತಮ್ಮ ಕರೀಂ ಇವತ್ತೇ ಮಸ್ಕತ್ತಿಗೆ ಹೊರಟಿದ್ದಾರೆ, ಕಾಗದ ಒಯ್ಯಲು ಬಾಗಿಲಲ್ಲೇ ಆಟೊ ನಿಲ್ಲಿಸಿಕೊಂಡಿದ್ದಾರೆ, ಆದ್ದರಿಂದ ಬೇಗ ಬರೆಯುತ್ತೇನೆ. ನೀನು ಬಿಳಿ ಯೂನಿಫಾರ್ಮಿನಲ್ಲಿ ತೆಗೆಸಿ ಕಳಿಸಿದ ಫೋಟೊದಲ್ಲಿ ನಿನ್ನ ಕಣ್ಣು ಕೆಂಪಗಿದೆ. ಸುಪ್ಪಿ ದಿನಾ ಅದರ ಮುಂದೆ ನಿಂತು, “ತಾತಾ, ಅಮ್ಮ ಅಳ್ತಾವ್ಳೆ” ಎನ್ನುತ್ತಾಳೆ. ಅದು ಫ್ಲಾಶಿಗೆ ಹಾಗಾಗಿದೆ ಪುಟ್ಟಿ ಎಂದರೆ ನಂಬುವುದಿಲ್ಲ. ಈಗೀಗ ನನಗೂ ನಂಬಿಕೆ ಸಾಲದು. ಕರೀಂ ಕೈಯಲ್ಲಿ ನಾನೂರರದ್ದೇ ಒಂದು ರೋಲು ಕಳಿಸಿದ್ದೇನೆ. ಅಲ್ಲಿ ಯಾರಿಂದಲಾದರೂ ಫ್ಲಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ನಿನ್ನದೊಂದು ಫೋಟೊ ತೆಗೆಸಿ ಕಳಿಸು. ಅದರಲ್ಲೂ ನಿನ್ನ ಕಣ್ಣು ಕೆಂಪಗಿದ್ದರೆ, ಫೋಟೊ ಕಳಿಸುವುದು ಬೇಡ ಯಮುನಾ, ನೀನೇ ಬಂದುಬಿಡು.